ತಲೆಕೆಳಗಾದ ನವಿಲುಗಳು

ಇಂದಿರಾನಗರದ ಒಂದು ಬ್ಲೌಸ್ ಅಂಗಡಿಯಲ್ಲಿ ಕಟಿಂಗ್ ಮಾಡುವವಳು ನಾನು. ಕತ್ತರಿ ಹಿಡಿಯಲು ಕಲಿತದ್ದು ಶಿವಾಜಿನಗರದ ಗಲ್ಲಿಯಲ್ಲಿ, ಉರ್ದುವಿನಲ್ಲೇ ಬೈಯುತ್ತಿದ್ದ ಉಸ್ತಾದರೊಬ್ಬರ ಹತ್ತಿರ. ಅಲ್ಲೊಂದು ಕಟ್ಟಳೆಯಿತ್ತು: ಕಟಿಂಗ್ ಮಾಡುವವರ ಕೈಯಲ್ಲಿ ಕತ್ತರಿ ಇರುವಷ್ಟು ಹೊತ್ತು ಮೇಜಿನ ಸುತ್ತ ಯಾರೂ ತುಟಿ ಬಿಚ್ಚಬಾರದು. ಮೂವತ್ತು ವರ್ಷ ನಾನೂ ಅದನ್ನು ಬಿಡದೆ ನಡೆಸಿಕೊಂಡು ಬಂದೆ.

ಈಗಿನ ಮಾಲೀಕನಿಗೆ ಇನ್ನೂ ಮೂವತ್ತು ತುಂಬಿಲ್ಲ. ನನ್ನನ್ನು ಆಂಟಿ ಎನ್ನುತ್ತಾನೆ. ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು, "ಇಲ್ಲಿ ಚಿಕ್ಕೋರು ದೊಡ್ಡೋರು ಅಂತಿಲ್ಲ, ಎಲ್ರೂ ಓಪನ್ ಆಗಿ ಮಾತಾಡಿ" ಎನ್ನುತ್ತಾನೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಆ ಮಾತನ್ನು ನಂಬಿದವಳು ಒಬ್ಬಳೇ, ಯಾದಗಿರಿ ಕಡೆಯಿಂದ ಹೊಲಿಗೆಗೆ ಬಂದ ಹುಡುಗಿ. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ, ಊರಲ್ಲಿ ಓದುವ ತಂಗಿ, ಎರಡೂ ಅವಳ ಸಂಬಳದಲ್ಲೇ ನಡೆಯಬೇಕು. ಸೇರಿದ ಎರಡನೇ ವಾರ ಗಿರಾಕಿಯೊಬ್ಬಳ ಎದುರು ನಾನು ಕತ್ತರಿ ಆಡಿಸುತ್ತಿದ್ದಾಗ, "ಅಕ್ಕಾರ, ಕುತ್ತಿಗಿ ಭಾಳ ಇಳದದ ನೋಡ್ರಿ" ಎಂದಳು. ಅವಳು ಹೇಳಿದ್ದು ನಿಜವೇ. ಗಿರಾಕಿ ನಕ್ಕಳು. ಅವಮಾನವಾಯಿತು. ಗಿರಾಕಿ ಅತ್ತ ಹೋದದ್ದೇ ತಡ, ಎಲ್ಲರ ಮುಂದೆ ಅವಳ ನೀರಿಳಿಸಿದೆ.

"ನನ್ನ ಕೈಲಿ ಕತ್ರಿ ಇದ್ದಾಗ ಇನ್ನೊಂದ್ಸಲ ಬಾಯಿ ಬಿಟ್ರೆ ನೋಡು" ಎಂದೆ.

"ಆತ್ರಿ" ಎಂದಳು.

ಕಳೆದ ತಿಂಗಳು ಬೆನ್ಸನ್ ಟೌನಿನಿಂದ ಮದುವೆ ಸೀರೆಯೊಂದು ಬಂತು. ಬ್ಲೌಸ್ ಬಟ್ಟೆ ಸೀರೆಯೊಂದಿಗೇ ನೇಯ್ದದ್ದು, ಹಾಳಾದರೆ ಇನ್ನೊಂದು ಸಿಗುವುದಿಲ್ಲ. ಮೈತುಂಬ ಸಣ್ಣ ಸಣ್ಣ ನವಿಲು. ಸಾದಾ ಬಟ್ಟೆಯ ರೂಢಿಯಲ್ಲಿ ಅಡ್ಡಕ್ಕೆ ಮಡಚಿ ಎರಡೂ ತೋಳು ಒಟ್ಟಿಗೆ ಕತ್ತರಿಸಿಬಿಟ್ಟೆ. ಬಿಡಿಸಿದರೆ ಒಂದು ತೋಳಲ್ಲಿ ನವಿಲುಗಳು ನೆಟ್ಟಗೆ ನಿಂತಿದ್ದವು, ಇನ್ನೊಂದರಲ್ಲಿ ಕಾಲು ಮೇಲಾಗಿದ್ದವು. ಮೇಜಿನ ಆಚೆ ಅವಳು ನಿಂತಿದ್ದಳು.

"ಮೊದ್ಲೇ ಗೊತ್ತಾಯ್ತಾ ನಿಂಗೆ?"

"ನೀವು ಕತ್ರಿ ಹಚ್ಚಿದಾಗ ಗೊತ್ತಾತ್ರಿ."

"ಮತ್ತೆ ಹೇಳೋಕೇನಾಗಿತ್ತು?"

"ನೀವ ಮಾತಾಡಬ್ಯಾಡ ಅಂದಿದ್ರೆಲ್ರಿ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಮಾಲೀಕ ಬಂದ. ಬಟ್ಟೆ ನೋಡಿದವನು ನನ್ನ ಕಡೆ ತಿರುಗಲೇ ಇಲ್ಲ. ಹೊಸಬಳದೇ ಕೆಲಸ ಎಂದುಕೊಂಡು, "ನಿನ್ನ ಕೈಗೆ ಯಾರು ಕೊಟ್ಟಿದ್ದು ಇದನ್ನ? ನಾಳೆಯಿಂದ ಬರ್ಬೇಡ" ಎಂದ. ಓಪನ್ ಆಗಿ ಮಾತಾಡಿ ಎಂದವನ ಎದುರು ಅವಳು ಮಾತಾಡಲಿಲ್ಲ. ನನ್ನನ್ನು ನೋಡಿದಳು. ನಾನು ಕೊರಳಿನ ಟೇಪು ತೆಗೆದು ಸುತ್ತಿದೆ, ಬಿಡಿಸಿದೆ, ಮತ್ತೆ ಸುತ್ತಿದೆ. ಈ ವಯಸ್ಸಿನಲ್ಲಿ ನನಗೆ ಬೇರೆ ಯಾರು ಕೆಲಸ ಕೊಡುತ್ತಾರೆ ಎನ್ನುವುದೊಂದೇ ತಲೆಯಲ್ಲಿತ್ತು. ಅವಳು ಒಳಗೆ ಹೋಗಿ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಳು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿದಳು. ಆಗ ನನ್ನ ಬಾಯಿ ತೆರೆಯಿತು.

"ಅವಳಲ್ಲಪ್ಪ, ನಾನು ಕತ್ತರಿಸಿದ್ದು."

ಅವಳ ಕೆಲಸ ಉಳಿಯಿತು, ನನ್ನದೂ ಉಳಿಯಿತು. ತೋಳಿಗೆ ಬೇರೆ ರೇಷ್ಮೆ ಹಾಕಿಕೊಟ್ಟು ಮದುಮಗಳ ತಾಯಿಯಿಂದ ನಾನೇ ಬೈಸಿಕೊಂಡೆ. ಉಸ್ತಾದರ ಕಟ್ಟಳೆಯನ್ನು ಅವತ್ತೇ ಕೈಬಿಟ್ಟೆ. ಆದರೂ ನೆಮ್ಮದಿಯಿಲ್ಲ. ಬೆಳಿಗ್ಗೆ ಹಲಸೂರಿನಿಂದ ನಡೆದು ಬರುವಾಗ, ಅವಳು ಚಪ್ಪಲಿ ಮೆಟ್ಟುವವರೆಗೆ ಯಾಕೆ ಕಾದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.

ಈಗ ಒಳ್ಳೆಯ ಬಟ್ಟೆ ಹಾಸಿದಾಗಲೆಲ್ಲ, "ಸರಿ ಇದ್ಯಾ ನೋಡಮ್ಮ" ಎಂದು ಅವಳನ್ನು ಕರೆಯುತ್ತೇನೆ. ಹೊಲಿಗೆ ನಿಲ್ಲಿಸಿ ಬರುತ್ತಾಳೆ. ಬಟ್ಟೆ ನೋಡುವ ಮೊದಲು ನನ್ನ ಮುಖ ನೋಡುತ್ತಾಳೆ.

"ಸರಿ ಅದರಿ" ಎನ್ನುತ್ತಾಳೆ.

ಅದು ನಿಜವೋ, ನನ್ನನ್ನು ಮೆಚ್ಚಿಸುವ ಉತ್ತರವೋ ತಿಳಿಯದೆ ಕತ್ತರಿ ಹಿಡಿದುಕೊಂಡು ನಿಂತಿರುತ್ತೇನೆ.