ಚಳ್ಳಕೆರೆಯ ಡೈನಮೊ ಚಿತ್ತಯ್ಯ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಳ್ಳಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ, ತಗಡಿನ ಚಪ್ಪರದಡಿ ಚಿತ್ತಯ್ಯ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎದುರಿಗೆ ಡಾಕ್ಟರ್ ವೆಂಕಟೇಶಪ್ಪನವರ ಮೋಟಾರ್ ಸೈಕಲ್ಲು. ಕಾಲಿಡುವ ಕಂಬಿ ಸೊಟ್ಟಗಾಗಿದೆ, ಟ್ಯಾಂಕಿನ ಬಣ್ಣ ಕಿತ್ತು ಬಂದಿದೆ. ಪಕ್ಕದಲ್ಲಿ ನಿಂತ ಡಾಕ್ಟರ ಮೊಣಕೈಗೆ ಪಟ್ಟಿ.

ಎರಡು ದಿನದ ಹಿಂದೆ ರಾತ್ರಿ ನಾಯಕನಹಟ್ಟಿ ಕಡೆಯ ಹಳ್ಳಿಯೊಂದಕ್ಕೆ ಹೆರಿಗೆಗೆಂದು ಹೊರಟವರು ಇವರು. ದಾರಿಯಲ್ಲಿ ಗಾಡಿಯ ದೀಪ ಕೆಂಪಗಾಗಿ ಆರಿತು, ಡಾಕ್ಟರು ಹಳ್ಳಕ್ಕೆ ಬಿದ್ದರು. ನಡೆದು ಊರು ಮುಟ್ಟುವಷ್ಟರಲ್ಲಿ ತಡವಾಗಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಆ ಗಾಡಿಯ ಡೈನಮೊ ಹೋದ ತಿಂಗಳು ಸುಟ್ಟಾಗ ಹೊಸ ತಾಮ್ರದ ತಂತಿ ಸುತ್ತಿಕೊಟ್ಟವರು ಚಿತ್ತಯ್ಯನವರೇ. "ಸೀರೆ ನೇಯೋ ಕೈಗೆ ಡೈನಮೊ ಯಾಕೆ ಬೇಕಿತ್ತು?" ಎಂದು ಪಕ್ಕದ ಹೋಟೆಲಿನಲ್ಲಿ ಮಾತಾಯಿತು. ಆ ಮಾತು ಕಿವಿಗೆ ಬಿದ್ದಾಗಿನಿಂದ ಚಿತ್ತಯ್ಯ ಸರಿಯಾಗಿ ಉಂಡಿಲ್ಲ.

ಚಿತ್ತಯ್ಯನವರದು ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆ, ಮನೆಮಾತು ತೆಲುಗು. ಮನೆಯಲ್ಲಿ ಒಂದೇ ಮಗ್ಗ, ಅಣ್ಣತಮ್ಮಂದಿರು ನಾಲ್ವರು. ಹಾಗಾಗಿ ಹರೆಯದಲ್ಲೇ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ, ಮೋಟಾರು ರಿಪೇರಿಯ ಶೆಡ್ಡಿನಲ್ಲಿ ಕೆಲಸ ಕಲಿತು ಬಂದರು. ಈ ೧೯೩೧ರಲ್ಲೂ ಸುತ್ತಲ ಸೀಮೆಗೆ ಮೋಟಾರ್ ಸೈಕಲ್ಲುಗಳಿರುವುದು ಬೆರಳೆಣಿಕೆಯಷ್ಟು. ಅವುಗಳ ಬ್ಯಾಟರಿ ಸತ್ತರೆ ಬರುವುದು ಈ ಚಪ್ಪರಕ್ಕೇ.

"ಇಂಜಿನ್ನು ಬ್ಯಾಟರಿ ಇಲ್ದೆನೂ ಓಡ್ತೈತೆ. ದೀಪ ಹಂಗಲ್ಲ," ಎನ್ನುತ್ತಾರೆ ಚಿತ್ತಯ್ಯ. "ಗಾಡಿ ಓಡ್ತಾ ಇರೋವಾಗ ಡೈನಮೊ ಬ್ಯಾಟರಿ ತುಂಬ್ತಾ ಇರ್ಬೇಕು. ತುಂಬಲಿಲ್ಲಾಂದ್ರೆ ಕತ್ತಲೇನೇ."

ಮೊದಲು ಬ್ಯಾಟರಿ ನೋಡುತ್ತಾರೆ. ನೀರು ಸರಿಯಾಗಿದೆ, ತುದಿಗಳು ಚೊಕ್ಕಟವಾಗಿವೆ. ಆಮೇಲೆ ಡೈನಮೊದ ತಂತಿ ಬಿಚ್ಚಿ, ಅದಕ್ಕೊಂದು ಸಣ್ಣ ಬಲ್ಬು ತಾಗಿಸಿ, ಒದ್ದು ಇಂಜಿನ್ನು ಶುರು ಮಾಡುತ್ತಾರೆ. ಬಲ್ಬು ಝಗ್ಗನೆ ಹತ್ತುತ್ತದೆ.

"ಹಾಗಾದರೆ ನೀವು ಸುತ್ತಿದ್ದು ಸರಿಯಿದೆಯಲ್ಲ!" ಎನ್ನುತ್ತಾರೆ ಡಾಕ್ಟರು.

"ಐತೆ ಸ್ವಾಮಿ. ಆದ್ರೆ ಅವತ್ತು ಯಾಕೆ ಆರಿತು ಅಂತ ಗೊತ್ತಾಗೋ ತನಕ ಸರಿ ಅನ್ನಂಗಿಲ್ಲ."

ತಂತಿ ಮತ್ತೆ ಜೋಡಿಸುತ್ತಾರೆ. ದೀಪದ ಗೂಡಿನ ಮೇಲೆ ಕರೆಂಟು ಅಳೆಯುವ ಮೀಟರಿನ ಮುಳ್ಳು ಬಲಕ್ಕೆ ವಾಲುತ್ತದೆ. ಬ್ಯಾಟರಿ ತುಂಬುತ್ತಿದೆ ಎಂದರ್ಥ. ಎಲ್ಲವೂ ಸರಿ. ನಿಂತ ಗಾಡಿಯಲ್ಲಿ ತಪ್ಪೇ ಇಲ್ಲ. ಚಿತ್ತಯ್ಯ ಸೋತವರಂತೆ ಚಪ್ಪರದ ಕಂಬಕ್ಕೆ ಒರಗುತ್ತಾರೆ. ಇಂಜಿನ್ನು ಓಡುತ್ತಲೇ ಇದೆ.

ಕೊನೆಗೆ ಎದ್ದು, ಗಾಡಿಯ ಮೇಲೆ ಕೂತು, ಹಾದಿಯಲ್ಲಿ ಹೋಗುವವರಂತೆ ಹ್ಯಾಂಡಲ್ಲನ್ನು ಅತ್ತಿತ್ತ ತಿರುಗಿಸುತ್ತಾರೆ. ಎಡಕ್ಕೆ ತಿರುಗಿದ್ದೇ ತಡ, ಮುಳ್ಳು ಸರ್ರನೆ ಸೊನ್ನೆಗೆ ಬೀಳುತ್ತದೆ.

"ಅಯ್ಯೋ ದೇವುಡಾ!"

ಡೈನಮೊದಿಂದ ದೀಪದ ಗೂಡಿಗೆ ಹೋಗುವ ತಂತಿಯನ್ನು ಹ್ಯಾಂಡಲ್ಲಿನ ಬುಡದಲ್ಲಿ ಸೀಳಿ ತೋರಿಸುತ್ತಾರೆ. ಮೇಲೆ ಸುತ್ತಿದ ಬಟ್ಟೆಯ ಹೊದಿಕೆ ಹಾಗೇ ಇತ್ತು, ಒಳಗಿನ ತಾಮ್ರ ತುಂಡಾಗಿದೆ. ಗಾಡಿ ನೆಟ್ಟಗೆ ನಿಂತಾಗ ತುದಿಗಳು ತಾಗಿಕೊಳ್ಳುತ್ತವೆ. ಹಾದಿ ಕುಲುಕಿದರೆ, ಹ್ಯಾಂಡಲ್ಲು ತಿರುಗಿದರೆ ಬಿಟ್ಟುಹೋಗುತ್ತವೆ. ಕರೆಂಟಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಮೊದಲ ಸಲ ಡೈನಮೊ ಸುಟ್ಟದ್ದೂ ಇದರಿಂದಲೇ. ಹೊಸ ತಂತಿಯನ್ನು ಸ್ವಲ್ಪ ಸಡಿಲ ಬಿಟ್ಟು ಕಟ್ಟುತ್ತಾರೆ. ಈಗ ಎತ್ತ ತಿರುಗಿಸಿದರೂ ಮುಳ್ಳು ಜಗ್ಗುವುದಿಲ್ಲ.

ಡಾಕ್ಟರು ನೇರ ಹೋಟೆಲಿಗೆ ನಡೆದು, ಬೆಳಗಿನ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳುತ್ತಾರೆ: "ಚಿತ್ತಯ್ಯನವರ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಹರಿದದ್ದು ಬೇರೆ ತಂತಿ."

ಚಪ್ಪರದಲ್ಲಿದ್ದ ಚಿತ್ತಯ್ಯ ತಲೆ ಎತ್ತುವುದಿಲ್ಲ. "ನನ್ನ ಹೆಸರೇನೋ ಉಳೀತು," ಎನ್ನುತ್ತಾರೆ. "ಆ ತಾಯಿಗೆ ಯಾವ ತಂತಿ ಹರಿದ್ರೇನು?"

ಚಪ್ಪರಕ್ಕೆ ಕರೆಂಟಿಲ್ಲ. ಖಾಲಿಯಾದ ಬ್ಯಾಟರಿಗಳನ್ನು ತುಂಬಿಸಲು ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಊರಿಗೆ ಒಯ್ಯಬೇಕು. ಮೊಳಕಾಲ್ಮೂರಿನ ಮನೆಗೆ ಹೋಗುವುದು ಅಪರೂಪ. ಅಲ್ಲಿ ಹೆಂಡತಿ ಗೋವಿಂದಮ್ಮ ಒಬ್ಬರೇ ಮಗ್ಗದಲ್ಲಿ ಕೂರುತ್ತಾರೆ.

ಮುಂದೇನು ಆಸೆ ಎಂದು ಕೇಳಿದರೆ ಚಿತ್ತಯ್ಯ ಅಂಗೈ ಬಿಚ್ಚುತ್ತಾರೆ. ಬ್ಯಾಟರಿಯ ಆ್ಯಸಿಡ್ಡಿಗೆ ಬೆರಳ ತುದಿಗಳೆಲ್ಲ ಸೀಳಿ ಒರಟಾಗಿವೆ.

"ಈ ಕೈ ತಾಗಿದ್ರೆ ರೇಷ್ಮೆ ಸಿಕ್ಕಿಕೊಳ್ತೈತೆ. ಅದಕ್ಕೇ ಅವಳು ಮಗ್ಗದ ಹತ್ರ ಬರಗೊಡಲ್ಲ. ನಾಕು ದಿನ ಆ್ಯಸಿಡ್ ಮುಟ್ದಂಗೆ ಮನೇಲಿರ್ಬೇಕು. ಬೆರಳು ಒಂದೀಟು ಮೆತ್ತಗಾದ್ರೆ, ಹರಿದ ಎಳೆ ನಾನೇ ಕಟ್ಟಿಕೊಡ್ತೀನಿ. ಅವಳ ಕಣ್ಣಿಗೂ ಈಗ ಎಳೆ ಕಾಣ್ಸಲ್ಲ."