ನೀರಿನ ಹಿಂದಿನ ಬಸವಣ್ಣ

ಶಿವಶರಣಪ್ಪನವರನ್ನು ನೆನೆದರೆ ಮುಖಕ್ಕಿಂತ ಮೊದಲು ಅವರ ತೊಡೆಯ ಮೇಲಿನ ರೊಟ್ಟಿಗಂಟು ಕಣ್ಣಿಗೆ ಬರುತ್ತದೆ. ಅವರು ಚಂದಾಪುರದ ದಲಾಲಿ. ನಾನು ಸೈಕಲ್ ಮೇಲೆ ಚೀಲ ಹೊತ್ತು ವ್ಯಾಪಾರ ಕಲಿತು, ವಾಡಿಯಿಂದ ಅವರಲ್ಲಿಗೆ ತೊಗರಿ ಖರೀದಿಗೆ ಹೋಗುತ್ತಿದ್ದವನು. ಖರೀದಿ ಮುಗಿಸಿದವರನ್ನು ಎತ್ತಿಪೋತ ಜಲಪಾತ ತೋರಿಸದೆ ಅವರು ಊರು ಬಿಡಗೊಡುತ್ತಿರಲಿಲ್ಲ. ತೋರಿಸುವುದೆಂದರೆ, ನಾವು ಕೆಳಗಿಳಿಯಬೇಕು. ಅವರು ಮೇಲೆ ಮರದಡಿ ಕೂತು ಗಂಟು ಕಾಯಬೇಕು.

“ನೀವೂ ಬರ್ರಿ” ಎಂದರೆ, “ರೊಟ್ಟಿ ಮಂಗ್ಯಾ ಒಯ್ದ್ರ ನಮ್ಮ ಮನಿ ಮರ್ಯಾದಿ ಏನಾಗ್ಬೇಕ್ರೀ? ನೀವು ಬೀಗರು ನೋಡಿದ್ರ ನಾ ನೋಡ್ದಂಗ” ಅನ್ನುವರು.

ಹತ್ತಿ ಬಂದವರನ್ನು ಮಾತ್ರ ಬಿಡುತ್ತಿರಲಿಲ್ಲ. ನೀರೆಷ್ಟಿತ್ತು, ಬಂಡೆ ಯಾವ ಬಣ್ಣ, ಎಲ್ಲ ಕೇಳಿ, ಮುಂದಿನವರಿಗೆ ತಾವೇ ಕಂಡಂತೆ ವರ್ಣಿಸುವರು.

ಒಂದು ಸಲ ಎರಡು ದಿನ ದರಕ್ಕೆ ಜಗ್ಗಾಡಿ ನನ್ನ ಗಂಟಲು ಕೂತಿತ್ತು. ಅರ್ಧ ಇಳಿದು, ತಳಕ್ಕೆ ಹೋಗದೆ, ಬಂಡೆಯ ಮೇಲೆ ಮಲಗಿ ಎದ್ದು ಬಂದೆ.

“ಹೊಸಾದೇನು ಕಂಡ್ರಿ ಸಾವ್ಕಾರ್ರ?”

“ನೀರಿನ ಹಿಂದ ಕಲ್ಲಿನ ಬಸವಣ್ಣ ಕುಂತಾನ” ಎಂದುಬಿಟ್ಟೆ. ಕೂತಲ್ಲೇ ಕೈಮುಗಿದರು.

ಮರುವರ್ಷ ಸೇಡಂನ ವ್ಯಾಪಾರಿಯೊಬ್ಬನ ಕೈಗೆ ಹೂವಿಟ್ಟು, “ಬಸವಣ್ಣಗ ಏರಿಸಿ ಬರ್ರಿ” ಅಂದರು. ಆತ ಬಂದು, ನನ್ನ ಮುಖ ನೋಡದೆ, “ಏರಿಸಿದೆ, ಭಾಳ ಚಂದ ಅದಾನ” ಅಂದ. ಆಮೇಲೆ ಹೋದವರೆಲ್ಲ ಏರಿಸಿಯೇ ಬಂದರು. ಮಾಲು ಕೈಯಲ್ಲಿ ಹಿಡಿಯದೆ ಬಾಯಿ ಬಿಡಬೇಡಿ ಎಂದು ಕಂಡಕಂಡವರಿಗೆ ಬುದ್ಧಿ ಹೇಳುವವನು ನಾನು. ಈ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಕೊನೆಗೊಮ್ಮೆ ಅವರ ಹೆಂಡತಿ ಸಂಗಮ್ಮ ಜೊತೆಗೆ ಬಂದರು. “ಗಂಟು ನಾ ಕಾಯ್ತೀನಿ. ಎಷ್ಟು ವರ್ಷ ಮಂದಿ ಕಣ್ಣಾಗ ನೋಡ್ತೀರಿ? ಒಮ್ಮಿ ಇಳೀರಿ.”

“ಇಳಿಯೂದು ನಿಮ್ಮ ಮೊಣಕಾಲಿಗೆ ಒಳ್ಳೇದಲ್ಲ ಅಣ್ಣಾರ” ಎಂದು ನಾನು ಏನೆಲ್ಲ ಹೇಳಿದೆ. ಕೇಳಲಿಲ್ಲ. ನನ್ನ ಹೆಗಲು ಹಿಡಿದು, ಹೂವು ಹಿಡಿದು, ಇಳಿದರು.

ನೀರು ಸಣ್ಣಗಿತ್ತು. ಹಿಂದೆ ಬರೀ ಬಂಡೆ, ಪಾಚಿ. ಅವರು ಬಂಡೆಯನ್ನು ಕೈಯಿಂದ ಸವರಿ ನೋಡಿದರು. “ಅಣ್ಣಾರ, ನಾ ಅವತ್ತು...” ಎಂದೆ. ಅವರು ಬಗ್ಗಿ ಬರಿಗಲ್ಲಿನ ಮೇಲೆ ಹೂವಿಟ್ಟು, “ಮ್ಯಾಲ ಹತ್ರಿ, ಹಸಿದೀರಿ” ಅಂದರು.

ಮೇಲೆ ಸಂಗಮ್ಮ ಕಾಯುತ್ತಿದ್ದರು. “ಕಂಡ್ನೇನ್ರಿ ಬಸವಣ್ಣ?”

“ಸಾವ್ಕಾರ್ರು ಸುಳ್ಳು ಹೇಳ್ತಾರೇನು? ಮೊದ್ಲು ಅವರಿಗೆ ರೊಟ್ಟಿ ಹಾಕು” ಅಂದರು ಶಿವಶರಣಪ್ಪ.

ಈಗ ಅವರಿಲ್ಲ. ಹೋದ ವರ್ಷ ಸಂಗಮ್ಮನೇ ನನ್ನನ್ನು ಜಲಪಾತಕ್ಕೆ ಕರೆದೊಯ್ದರು. ನನಗೀಗ ಎರಡು ಮೆಟ್ಟಿಲಿಗೇ ದಣಿವು. ಆದರೂ ತಳದವರೆಗೆ ಇಳಿದೆ. ನೀರೆಷ್ಟು, ಬಂಡೆಯ ಬಣ್ಣ ಯಾವುದು, ಪಾಚಿ ಎಲ್ಲಿಯತನಕ, ಎಲ್ಲ ನೋಡಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದೆ. ಸಂಗಮ್ಮ ಗಂಟು ಬಿಚ್ಚಿ ರೊಟ್ಟಿ ಬಡಿಸಿದರು.

ಏನು ಕಂಡಿರಿ ಎಂದು ಯಾರೂ ಕೇಳಲಿಲ್ಲ.