ಕಾಲು ಚಾಚುವ ಕಂಬಿ

ಬೆಳಕು ಹರಿಯುವ ಮೊದಲೇ ದಡದಿಂದ ಟಪಟಪ ಸದ್ದು ಶುರುವಾಗುತ್ತದೆ. ವಯಸ್ಸಾದವರು ಸಾಲಾಗಿ ನಿಂತು, ರಕ್ತ ಓಡಾಡಲಿ ಎಂದು ತಮ್ಮ ತೊಡೆ ತೋಳುಗಳನ್ನು ತಾವೇ ಬಡಿದುಕೊಳ್ಳುವ ಸದ್ದು. ಸಾ ಲೇ ಕೊಲ್ಲಿಯ ದೋಣಿಮನೆಯಲ್ಲಿ ಮಲಗಿದ ಸಾಯ್‌ಮುಯಿ ಅದನ್ನು ಕೇಳಿಯೇ ಏಳುವುದು. ಆ ಗದ್ದಲದ ನಡುವೆ ಎರಡೇ ಎರಡು ಚಪ್ಪಾಳೆ, ಬಿಡಿಬಿಡಿಯಾಗಿ ಕೇಳಿಸಿದರೆ ಅದು ಕರೆ. ದೋಣಿಮನೆಗೆ ಹೋಗಲು ಯಾರೋ ಅವಳ ದೋಣಿಗೆ ಕಾಯುತ್ತಿದ್ದಾರೆ. ಅವಳ ಅಮ್ಮನೂ ಆ ಎರಡು ಚಪ್ಪಾಳೆಗೇ ಹುಟ್ಟು ಎತ್ತಿದವಳು.

ಈಗ ಚಪ್ಪಾಳೆ ಕೇಳಿಸುವುದಿಲ್ಲ. ದೋಣಿ ಹತ್ತುವ ಹಳೆಯ ಕಲ್ಲು ಮೆಟ್ಟಿಲಿಗೂ ದಡದ ಹಾದಿಗೂ ನಡುವೆ ಉಕ್ಕಿನ ಕಂಬಿ ಬಂದಿದೆ.

ತಪ್ಪು ದಡದವರದ್ದೇ. ಹಡಗುಕಟ್ಟೆ ಒಡೆದು ಗಾಜಿನ ಗೋಪುರ ಎದ್ದಾಗ, ನೀರಂಚು ಜನರಿಗೇ ಸೇರಬೇಕೆಂದು ನಿಯಮವಿತ್ತು. ನಗರ ಯೋಜನೆಯವರು ಸಭೆ ಕರೆದು, ನಿಮಗೇನು ಬೇಕು ಎಂದು ಕೇಳಿದರು. ಬೆಳಗಿನ ಗುಂಪು ಒಂದೇ ಬಾಯಲ್ಲಿ ಹೇಳಿತು: ಕಾಲು ಎತ್ತಿಟ್ಟು ಚಾಚುವುದಕ್ಕೆ ಸೊಂಟದೆತ್ತರದ ಒಂದು ಕಂಬಿ. ಎಲ್ಲರ ಜೊತೆ ಸಾಯ್‌ಮುಯಿಯೂ ಕೈ ಎತ್ತಿದ್ದಳು. ಕಂಬಿ ಬಂತು, ಈ ತುದಿಯಿಂದ ಆ ತುದಿಯವರೆಗೆ, ಎಲ್ಲೂ ಬಾಗಿಲಿಲ್ಲದೆ.

ದೋಣಿಮನೆಗಳವರು ಈಗ ಮೀನುಪೇಟೆಯ ಕಟ್ಟೆಯವರೆಗೆ ಸುತ್ತು ಹೊಡೆಯುತ್ತಾರೆ. ಅಲ್ಲಿ ಯಂತ್ರದ ದೋಣಿಗಳಿವೆ. ಇವಳ ಹುಟ್ಟಿನ ದೋಣಿ ಯಾರಿಗೆ ಬೇಕು? ಮಳೆಗಾಲದೊಳಗೆ ಮೆಟ್ಟಿಲು ತೆರೆಯದಿದ್ದರೆ ದೋಣಿ ಮಾರುವುದೇ ಸರಿ ಎಂದುಕೊಂಡಿದ್ದಳು. ಅವಳು ಕಚೇರಿಗೆ ಅಲೆದಾಡಿದ ಫಲವಾಗಿ, ಇವತ್ತು ನಗರ ಯೋಜನೆಯ ಹುಡುಗಿಯೊಬ್ಬಳು ಸ್ಥಳ ನೋಡಲು ಬಂದಿದ್ದಳು. ಯಿಪ್ ಅಂತ ಹೆಸರು.

ಸಾಯ್‌ಮುಯಿ ಮೆಟ್ಟಿಲಿಗೆ ದೋಣಿ ಕಟ್ಟಿ, ಕಂಬಿಯ ಆಚೆ ನಿಂತೇ ಮಾತಾಡಿದಳು. ಮೊಣಕಾಲಿನವರೆಗೆ ನೀರು.

"ಈ ಹಾದಿ ವಿಹಾರದ ವಲಯ, ಆಂಟಿ. ನಡೀಬಹುದು, ಕೂರಬಹುದು, ವ್ಯಾಯಾಮ ಮಾಡಬಹುದು. ದೋಣಿ ಹತ್ತೋದು ಸಾರಿಗೆ ಆಗುತ್ತೆ. ಸಾರಿಗೆಗೆ ಬೇರೆ ವಲಯ."

"ಅದೆಲ್ಲಿದೆ?"

"ಇಲ್ಲಿಲ್ಲ."

"ಮತ್ತೆ ನಾನು ನಿಂತಿರೋ ಮೆಟ್ಟಿಲು?"

ಯಿಪ್ ಬಣ್ಣದ ನಕ್ಷೆ ತಿರುಗಿಸಿ ತಿರುಗಿಸಿ ನೋಡಿದಳು. ಉಬ್ಬರ ಬಂದಾಗ ಮುಳುಗುವ ಮೆಟ್ಟಿಲು. ನಕ್ಷೆಯ ಬಣ್ಣ ದಡಕ್ಕೇ ಮುಗಿದಿತ್ತು. "ಅದು... ನಕ್ಷೆಯಿಂದ ಹೊರಗಿದೆ."

"ನೋಡಮ್ಮ, ನಾನೀಗ ಎಲ್ಲೂ ಇಲ್ಲ! ಕಾಲು ಮಾತ್ರ ಒದ್ದೆ ಆಗ್ತಿದೆ."

ಹಾದಿಯ ಬದಿಯಲ್ಲಿ ನಿಂತಿದ್ದ ಗೋಪುರದ ಕಾವಲುಗಾರ ಕ್ಯೂಂಗ್ ಕಿಸಕ್ಕನೆ ನಕ್ಕ. "ಚೆಲುವಕ್ಕ, ಬೆಳಬೆಳಗ್ಗೆ ಸಿಟ್ಟು ಮಾಡ್ಕೊಂಡ್ರೆ ಸುಕ್ಕು ಬೀಳುತ್ತೆ."

"ನಿನ್ನ ಕಂಬಿಗೆ ತುಕ್ಕು ಬೀಳ್ಲಿ, ಸುಮ್ನಿರು. ನಿಮ್ಮಮ್ಮನ್ನ ಮದುವೇಲಿ ದಡ ಮುಟ್ಟಿಸಿದ್ದು ಇದೇ ದೋಣಿ."

"ಅದಕ್ಕೇ ನಮ್ಮಪ್ಪ ಇವತ್ತಿಗೂ ನಿಮ್ಮನ್ನ ಬೈತಾನೆ."

ಸಾಯ್‌ಮುಯಿಗೆ ನಗು ಬಂತು, ನುಂಗಿಕೊಂಡು ಯಿಪ್ ಕಡೆ ತಿರುಗಿದಳು. ನಗುವ ಹೊತ್ತಲ್ಲ ಇದು. "ಒಂದು ಬಾಗಿಲಮ್ಮ. ತೋಳಗಲ. ಅದಕ್ಕೆ ಏನ್ ಬೇಕು ಹೇಳು."

"ಜನ ಮೆಟ್ಟಿಲು ಬಳಸ್ತಾರೆ ಅಂತ ಗೊತ್ತಾದ್ರೆ ಬಾಗಿಲಿಗೆ ನಾನೇ ಶಿಫಾರಸು ಮಾಡ್ತೀನಿ. ಆದ್ರೆ ಹೋದ ತಿಂಗಳು ನಮ್ಮವರು ದಿನಪೂರ್ತಿ ನಿಂತು ಎಣಿಸಿದ್ದಾರೆ. ಒಬ್ಬರೂ ಬಳಸಿಲ್ಲ."

ಸಾಯ್‌ಮುಯಿ ಅವಳ ಮುಖ ನೋಡಿದಳು. ತಮಾಷೆಯಲ್ಲ. ಹುಡುಗಿಯ ಮುಖದಲ್ಲಿ ನಿಜವಾದ ಮರುಕವಿತ್ತು. ಅದೇ ಹೆಚ್ಚು ಉರಿಸಿತು.

"ಕಂಬಿ ಹಾಕಿ ಆದ್ಮೇಲೆ ಎಣಿಸಿದ್ರಾ?"

"ಹೂಂ, ಆಂಟಿ."

"ಬಾಯಿಗೆ ಬೀಗ ಹಾಕಿ, ಇವನಿಗೆ ಹಸಿವೇ ಇಲ್ಲ ಅಂದ ಹಾಗಾಯ್ತು! ಏ ಕ್ಯೂಂಗ್, ಈ ಕಂಬಿ ದಾಟಿದ್ರೆ ಏನ್ ಮಾಡ್ತೀಯ?"

"ದಾಟೋಕೆ ಬಿಡಲ್ಲ. ಹತ್ತಬಾರದು ಅಂತ ನಿಯಮ."

"ಕಾಲು ಇಟ್ರೆ?"

"ಇಟ್ಕೊಳ್ಳಿ. ಅದಕ್ಕೇ ತಾನೇ ಇರೋದು."

"ಎಷ್ಟು ಹೊತ್ತು?"

"ಎಷ್ಟು ಹೊತ್ತಾದ್ರೂ."

"ಇಟ್ಟ ಕಾಲು ಯಾವ ಕಡೆ ಇಳಿಸಬೇಕು ಅಂತ ನಿಯಮ ಇದೆಯಾ?"

ಕ್ಯೂಂಗ್ ಯಿಪ್ಪಳ ಮುಖ ನೋಡಿದ. ಯಿಪ್ ನಕ್ಷೆ ನೋಡಿದಳು.

ಅಷ್ಟರಲ್ಲಿ, ಟಪಟಪ ಸದ್ದಿನ ನಡುವಿನಿಂದ, ಎರಡು ಚಪ್ಪಾಳೆ.

ಸಾಯ್‌ಮುಯಿ ತಟ್ಟನೆ ತಿರುಗಿದಳು. ಮೆಟ್ಟಿಲ ಸಾಲಿನ ಆ ತುದಿಗೆ ಎದುರಾಗಿ, ಹಾದಿಯ ಮೇಲೆ, ತಾಮ್ ಅಜ್ಜಿ ನಿಂತಿದ್ದಳು. ದೋಣಿಮನೆಯವಳು, ದಿನಾ ಸುತ್ತು ಬಳಸಿಯಾದರೂ ವ್ಯಾಯಾಮಕ್ಕೆ ಬರುವವಳು. ಮೊಣಕೈಯಲ್ಲಿ ನೇತಾಡುವ ಎಲೆಕೋಸಿನ ಚೀಲ. ಮಾತೆಲ್ಲ ಕೇಳಿಸಿಕೊಂಡಿದ್ದಳೇನೋ, ಒಂದು ಕಾಲನ್ನು ಆಗಲೇ ಕಂಬಿಯ ಮೇಲಿಟ್ಟು ಚಾಚಿದ್ದಳು, ಬೆಣ್ಣೆಯಷ್ಟು ಸಲೀಸಾಗಿ. ಪಕ್ಕದವರು ಬಡಿದುಕೊಳ್ಳುವುದನ್ನು ನಿಲ್ಲಿಸಿದರು. ಒಬ್ಬ ಮುದುಕ ಅವಳ ಚೀಲ ಹಿಡಿದುಕೊಂಡ. ಮತ್ತೊಬ್ಬರೂ ಕಾಲು ಎತ್ತಿಟ್ಟರು.

"ಅಜ್ಜಿ, ಬೇಡ, ಬೀಳ್ತೀರಾ!" ಕ್ಯೂಂಗ್ ಕೂಗಿದ. ಕೂಗಿದನೇ ಹೊರತು, ನಿಂತಲ್ಲಿಂದ ಕದಲಲಿಲ್ಲ.

"ವ್ಯಾಯಾಮ ಕಣೋ, ಮಗಾ!" ಅಂದಳು ಅಜ್ಜಿ. "ಮುಯಿ, ಭುಜ ಕೊಡು!"

ಯಿಪ್ ಪೆನ್ನು ತೆಗೆದಿದ್ದಳು. ಏನು ಬರೆಯಬೇಕೆಂದು ತಿಳಿಯದೆ ಸಾಯ್‌ಮುಯಿಯ ಕಡೆ ತಿರುಗಿದಳು. "ಆಂಟಿ, ಇದನ್ನ ಬಳಕೆ ಅಂತ ಲೆಕ್ಕಕ್ಕೆ..."

ಸಾಯ್‌ಮುಯಿ ಆಗಲೇ ನೀರು ಚಿಮ್ಮಿಸುತ್ತ ಮೆಟ್ಟಿಲುದ್ದಕ್ಕೂ ನಡೆದಿದ್ದಳು. ತಿರುಗಿ ನೋಡದೆ ಹೇಳಿದಳು, "ಎಣಿಸ್ಕೋ ಮಗಳೇ, ಇವತ್ತು ಪೂರ್ತಿ ನಿಂತು ಎಣಿಸ್ಕೋ. ಇದು ಒಂದು. ಆಮೇಲೆ ಅಲ್ಲಿ ಕಾಲಿಟ್ಟಿದ್ದಾರಲ್ಲ ಅವರು ಎರಡು, ಅವರ ಹಿಂದೆ ನಿಂತಿರೋರು ಮೂರು." ಹೇಳುತ್ತಲೇ ಅಜ್ಜಿಗೆ ಭುಜ ಕೊಟ್ಟಳು.